ಅತ್ತೆಯ ಬಳುವಳಿ

ಕಾಗೆ ಇನ್ನೂ ಬೆಳ್ಳಗಿದ್ದ ಕಾಲದಲ್ಲಿ ಒಂದು ಊರಿತ್ತಂತೆ. ಊರಿಗೊಂದು ಕೋಟೆ, ಕೋಟೆಗೆ ಒಂದೇ ಬಾಗಿಲು. ಆ ಬಾಗಿಲಿಗೆ ರಾಜನ ಅಕ್ಕತಂಗಿಯರೇ ಕಾವಲು. ಗಾಳಿ ಬಂದರೂ ತಡೆದು ನಿಲ್ಲಿಸಿ, ನೀನು ಯಾರ ಪೈಕಿ ಎಂದು ಕೇಳದೆ ಒಳಗೆ ಬಿಡುವವರಲ್ಲ. ಸರಿಯಾದ ಹೆಸರು ಹೇಳಿದವರು ಒಳಕ್ಕೆ, ಹೇಳದವರು ಕಂದಕಕ್ಕೆ. ಹೀಗಿರುವಾಗ ರಾಜ ಬೆಟ್ಟದಾಚೆಯ ನಾಡಿನಿಂದ ಮದುವೆಯಾಗಿ ಬಂದ. ಪಲ್ಲಕ್ಕಿಯಲ್ಲಿ ಹೊಸ ರಾಣಿ. ಅವಳ ಹಿಂದೆ ತವರಿನವರು ಕಳಿಸಿದ ಬಳುವಳಿ: ದಾಸಿಯರು, ದನಕರು, ಪೆಟ್ಟಿಗೆ ಹೊತ್ತ ಆಳುಗಳು, ಆ ಆಳುಗಳ ಸೊಂಟದಲ್ಲಿ ಕತ್ತಿ. ನಾದಿನಿಯರು ಅಡ್ಡ ನಿಂತು, "ಹೆಸರ ಹೇಳು, ಒಳಗ ಬಾ" ಅಂದರು. ರಾಣಿ ನಾಚಿಕೊಂಡು, ಪ್ರಾಸ ಕೂಡಿಸಿ ಒಂದು ಒಡಪು ಕಟ್ಟಿ, ಅದರೊಳಗೆ ರಾಜನ ಹೆಸರು ಹೇಳಿದಳು. ಬಾಗಿಲು ಕಿರ್ರೆಂದು ತೆರೆಯಿತು...

ಅಜ್ಜಿಯ ಕಥೆ ಇಲ್ಲಿಗೆ ಬರುವಷ್ಟು ಹೊತ್ತಿಗೆ ಪುಟ್ಟ ಮಹಾನಂದಾಳಿಗೆ ನಿದ್ದೆ ಬಂದಿರುತ್ತಿತ್ತು. ಎಷ್ಟು ಸಲ ಕೇಳಿದರೂ ಬಾಗಿಲು ತೆರೆಯುವ ತನಕವೇ ಕೇಳಿದ್ದು. ಆಮೇಲೆ ಏನಾಯಿತೆಂದು ಹಗಲಿನಲ್ಲಿ ಕೇಳಿದರೆ ಅಜ್ಜಿ, "ಹಗಲೊತ್ತು ಕಥಿ ಹೇಳಿದ್ರ ಹಾದ್ಯಾಗ ಹೋಗೋರು ಹಾದಿ ತಪ್ಪತಾರ" ಎಂದು ಎದ್ದು ಹೋಗುತ್ತಿದ್ದಳು. ಅಜ್ಜಿ ಹೋದ ಮೇಲೆ ಆ ಕಥೆಯ ಕೊನೆಯೂ ಅವಳ ಜೊತೆಗೇ ಹೋಯಿತು.

ಅರ್ಧ ಕಥೆ ಕೇಳಿದವರಿಗೆ ಆಯಸ್ಸಿಡೀ ಒಂದು ತುರಿಕೆ ಇರುತ್ತದೆ. ಮಹಾನಂದಾ ಬೆಳೆದು ಡಾಕ್ಟರ್ ಮಹಾನಂದಾ ಹೂಗಾರ ಆದದ್ದು, ಧಾರವಾಡದ ಕಸಿ ಕೇಂದ್ರದಲ್ಲಿ ರೋಗನಿರೋಧಕ ವಿಜ್ಞಾನಿಯಾದದ್ದು, ಕಪ್ಪು ಇಲಿಯ ಚರ್ಮದ ತುಣುಕನ್ನು ಬಿಳಿ ಇಲಿಯ ಬೆನ್ನಿಗೆ ಅಂಟಿಸಿ ಅದು ಉಳಿಯಿತೇ ಒಣಗಿ ಉದುರಿತೇ ಎಂದು ನೋಡುತ್ತ ತಲೆ ನರೆಸಿಕೊಂಡದ್ದು, ಎಲ್ಲವೂ ಆ ತುರಿಕೆಯಿಂದಲೇ. ಮೈಯೆಂಬುದೂ ಅಜ್ಜಿಯ ಕೋಟೆಯಂಥದೇ. ಬೇರೆಯವರ ಅಂಗ ತಂದು ಕಸಿ ಮಾಡಿದರೆ, ರಕ್ತದಲ್ಲಿ ಸುತ್ತುವ ಕಾವಲು ಕಣಗಳು ಅದನ್ನು ಪರಕೀಯವೆಂದು ಹಿಡಿದು ಕೊಲ್ಲುತ್ತವೆ. ಕೊಲ್ಲದಿರಲೆಂದು ಅವುಗಳನ್ನು ಮಂಕು ಮಾಡುವ ಗುಳಿಗೆಗಳಿದ್ದವು. ಸಾಯುವ ತನಕ ನುಂಗಬೇಕು.

ಹಿಂದಿನ ಕಾಲದಲ್ಲಿ ಅದೂ ನಡೆಯುತ್ತಿತ್ತು. ಆದರೆ ಯಾವ ಔಷಧಕ್ಕೂ ಬಗ್ಗದ ಶ್ವಾಸಕೋಶಕ್ಕೆ ಹತ್ತುವ ಹೊಸ ಬೂಸಲೊಂದು ಗಾಳಿಯಲ್ಲಿ ಊರೂರಿಗೆ ಹಬ್ಬಿದ ಮೇಲೆ, ಕಾವಲು ಮಂಕಾದವರು ಹೊರಗೆ ಉಸಿರಾಡುವಂತಿರಲಿಲ್ಲ. ಸೋಸಿದ ಗಾಳಿಯ ಗಾಜಿನ ಕೋಣೆಯಲ್ಲೇ ಅವರ ಬಾಳು. ಜನ ಅವರನ್ನು 'ಗಾಜಿನ ಮನೆಯವರು' ಅನ್ನುತ್ತಿದ್ದರು. ಊಟ ಕಿಂಡಿಯಿಂದ ಒಳಗೆ ಬರುತ್ತಿತ್ತು. ಮಕ್ಕಳು ಗಾಜಿಗೆ ತುಟಿ ಒತ್ತಿ ಮುತ್ತು ಕೊಡುತ್ತಿದ್ದರು, ಒಳಗಿನವರು ಅದೇ ಜಾಗಕ್ಕೆ ಕೆನ್ನೆ ಒತ್ತುತ್ತಿದ್ದರು. ಬದುಕಿದ್ದಕ್ಕೆ ಅದು ಬೆಲೆ.

ಮಹಾನಂದಾ ಕಟ್ಟಿದ್ದು ಅದಕ್ಕೊಂದು ಪರಿಹಾರ. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ. ಎಳವೆಯಲ್ಲಿ ಕಾವಲು ಕಣಗಳಿಗೆ ಅದು ಶಾಲೆ: ಇವರು ನಮ್ಮವರು, ಮುಟ್ಟಬೇಡಿ ಎಂಬ ಪಾಠ ಅಲ್ಲೇ. ವಯಸ್ಸಾದಂತೆ ಶಾಲೆ ಮುಚ್ಚುತ್ತದೆ. ಅವಳು ಅಕ್ಕಿಕಾಳಿನಷ್ಟು ದೊಡ್ಡ ಹೊಸ ಶಾಲೆಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅದರೊಳಗೆ ದಾನಿಯ ಕಣಗಳನ್ನು ಕೂರಿಸಿ, ರೋಗಿಯ ತೋಳಿನ ಚರ್ಮದಡಿ ಇಡುತ್ತಿದ್ದಳು. ರೋಗಿಯ ಹೊಸ ಕಾವಲು ಕಣಗಳು ಅದರ ಮೂಲಕವೇ ಹಾದು, ದಾನಿಯ ಗುರುತು ಕಲಿತು ಹೊರಬರುತ್ತಿದ್ದವು. ಅದಕ್ಕೆ 'ಹೊಸ್ತಿಲು' ಎಂದು ಹೆಸರಿಟ್ಟವಳೂ ಅವಳೇ. ಕಸಿ ಮಾಡುವ ಅಂಗಕ್ಕೆ ಪ್ರಯೋಗಾಲಯದಲ್ಲಿ ಎಲ್ಲರೂ 'ಸೊಸೆ' ಅನ್ನುತ್ತಿದ್ದರು. ಸೊಸೆಯನ್ನು ಮನೆಯವರು ಒಪ್ಪಿದರೆ ಗುಳಿಗೆ ಬೇಡ. ಇಲಿಯಲ್ಲಿ, ಹಂದಿಯಲ್ಲಿ, ಮೂತ್ರಪಿಂಡ ಕಸಿಯಾದ ಕೆಲವು ಮನುಷ್ಯರಲ್ಲೂ ಒಪ್ಪಿದ್ದರು. ಲಿವರಿನಲ್ಲಿ ಚಂಪಾಳೇ ಮೊದಲು.

ಚಂಪಾ ಹಳೇ ಹುಬ್ಬಳ್ಳಿಯಲ್ಲಿ ರೊಟ್ಟಿ ಕೇಂದ್ರ ನಡೆಸುವವಳು. ಹುಟ್ಟಿನಿಂದ ಬಂದ ದೋಷಕ್ಕೆ ಅವಳ ಲಿವರ್ ನಿಧಾನವಾಗಿ ಕಲ್ಲಾಗುತ್ತ ಬಂದಿತ್ತು. ಪಾರಿ ಎಂಬ ಪುಟ್ಟ ಮಗಳು. ಲಿವರಿನ ತುಣುಕು ಕೊಡಲು ಗಂಡ ಮಲ್ಲೇಶಿಯ ರಕ್ತ ಹೊಂದಲಿಲ್ಲ. ಹೊಂದಿದ್ದು ಅತ್ತೆ ಶಿವಗಂಗವ್ವನದು.

"ಡಾಕ್ಟರ ಬಾಯಾರ, ಗಾಜಿನ ಮನಿ ಅಂದ್ರ ನನಗ ಬ್ಯಾಡ," ಎಂದಿದ್ದಳು ಚಂಪಾ, ಆಪರೇಷನ್ನಿಗೆ ಮೊದಲು. "ನನ್ನ ಮಗಳು ಗಾಜಿಗೆ ಮುತ್ತ ಕೊಡೂದು ನಾ ನೋಡಾಕ ಒಲ್ಲೆ."

"ಗುಳಿಗಿ ಇಲ್ದಂಗ ನಿನ್ನ ಮನಿ ಹೊಸ್ತಿಲಾ ದಾಟಸ್ತೀನಿ," ಎಂದು ಮಹಾನಂದಾ ಅವಳ ಕೈ ಹಿಡಿದಳು. ತವೆಯ ಕಾವಿಗೆ ಸದಾ ಕೆಂಪಾಗಿರುತ್ತಿದ್ದ ಅಂಗೈ. "ಇದು ನನ್ನ ಮಾತು."

ಪಕ್ಕದ ಮಂಚದಲ್ಲಿದ್ದ ಶಿವಗಂಗವ್ವ ಸೆರಗು ಸರಿಮಾಡಿಕೊಂಡು ಎದ್ದು ಕೂತಳು. "ಅಲ್ರಿ, ನನ್ನ ಲಿವರಿಗೆ ಸೊಸಿ ಅಂತೀರಂತ? ಇಷ್ಟ ವರ್ಷ ನನ್ನ ಹೊಟ್ಟ್ಯಾಗ ಕುಂತು ಎಷ್ಟ ಖಾರ ತಿಂದೇತಿ, ಎಷ್ಟ ಸಿಟ್ಟ ನುಂಗೇತಿ! ಅದು ಸೊಸಿ ಅಲ್ಲ ಬಾಯಾರ, ಅತ್ತಿ. ಹೋದಲ್ಲೆಲ್ಲಾ ಯಜಮಾನಕಿ ಮಾಡತೈತಿ, ನೋಡ್ಕೋತ ಇರ್ರಿ."

ಎಲ್ಲರೂ ನಕ್ಕರು. ಮಹಾನಂದಾ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು.

ಲಿವರಿನ ತುಣುಕು ಚಂಪಾಳ ಹೊಟ್ಟೆಯಲ್ಲಿ ಚಿಗುರಿದಂತೆ ಬೆಳೆಯಿತು. ಗುಳಿಗೆಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತ ಬಂದು, ಒಂದು ಬೆಳಿಗ್ಗೆ ಕೊನೆಯದನ್ನೂ ನಿಲ್ಲಿಸಿದರು. ಚಂಪಾ ಖಾಲಿ ಡಬ್ಬಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಸದ್ದಿಲ್ಲವೆಂದು ನಕ್ಕಳು.

ಕೆಲವೇ ದಿನಕ್ಕೆ ಅವಳ ಅಂಗೈ ಮತ್ತೆ ಕೆಂಪಾಯಿತು.

"ತವಾದ ಕೆಂಪಿರಬೇಕ್ರಿ, ಹಳೇದು," ಅಂದಳು ಚಂಪಾ.

"ನೀ ರೊಟ್ಟಿ ಬಡದು ಎಷ್ಟ ದಿನಾತು?" ಎಂದಳು ಮಹಾನಂದಾ.

ಚಂಪಾ ಹೊದಿಕೆ ಸರಿಸಿ ಕಾಲು ತೋರಿಸಿದಳು. ಅಂಗಾಲೂ ಕೆಂಪಗಿತ್ತು, ಮದುವಣಗಿತ್ತಿಗೆ ಮದರಂಗಿ ಹಚ್ಚಿದ ಹಾಗೆ. ಸಂಜೆಯೊಳಗೆ ಆ ಕೆಂಪು ತೋಳಿಗೆ, ಕುತ್ತಿಗೆಗೆ ಹತ್ತಿತು. ಜ್ವರ ಏರಿತು. ತಿಂದದ್ದು ನಿಲ್ಲದಾಯಿತು. ರಕ್ತದಲ್ಲಿ ಬಿಳಿಕಣಗಳು ಇಳಿಯುತ್ತ ಹೋದವು.

ಮರುದಿನ ಕೇಂದ್ರದ ವೀಕ್ಷಣಾ ಕೋಣೆಯಲ್ಲಿ ಕೂತವರಾರೂ ಚಹ ಮುಟ್ಟಲಿಲ್ಲ. ಗೋಡೆಯಗಲದ ತೆರೆಯ ಮೇಲೆ ಚಂಪಾಳ ಕಾವಲು ಕಣಗಳು ಹಸಿರು ಚುಕ್ಕೆಗಳಾಗಿ ಹರಿದಾಡುತ್ತಿದ್ದವು. ಶಸ್ತ್ರವೈದ್ಯ ಡಾಕ್ಟರ್ ಅರವಿಂದ ಮುಧೋಳ ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದ. ಚಂಪಾಳ ಹೊಟ್ಟೆಯಲ್ಲಿ ತುಣುಕನ್ನು ಹೊಲಿದವನು ಅವನೇ.

"ಮೇಡಂ, ನಿಮ್ಮ ಹೊಸ್ತಿಲಾ ಸೋತೈತಿ. ಮೈ ತಿರುಗಿ ಬಿದ್ದೈತಿ," ಅಂದ ಅವನು. "ಇವತ್ತ ಸಂಜಿಗೆ ನಾ ಹಳೇ ಇಂಜೆಕ್ಷನ್ ಕೊಡತೀನಿ. ಕಾವಲೆಲ್ಲಾ ಮಲಗಲಿ. ಆಕಿ ಗಾಜಿನ ಕೋಣ್ಯಾಗಾದ್ರೂ ಬದುಕಲಿ."

"ಅದನ್ನ ಕೊಟ್ರ ಕಲಿತ ಕಣ ಎಲ್ಲಾ ಸಾಯತಾವ. ಆಕಿಗೆ ಮತ್ತ ಹೊಸ್ತಿಲಾ ಕಟ್ಟಾಕ ಬರೂದಿಲ್ಲ, ಯಾವತ್ತೂ."

"ಗೊತ್ತೈತಿ. ನಾನೇನ ನಿಮ್ಮ ವೈರಿ ಅಲ್ಲ." ಅವನ ದನಿ ಮೆತ್ತಗಾಯಿತು. "ಆದ್ರ ಸತ್ತಾಕಿ ಯಾವ ಹೊಸ್ತಿಲಾ ದಾಟತಾಳ, ನೀವ ಹೇಳ್ರಿ."

ಮಹಾನಂದಾ ತೆರೆಯನ್ನು ನೋಡಿದಳು. ಹಸಿರು ಚುಕ್ಕೆಗಳು ಲಿವರಿನ ಬಳಿ ಬಂದು, ಮೂಸಿ, ಸುಮ್ಮನೆ ಮುಂದೆ ಹೋಗುತ್ತಿದ್ದವು. ಪಾಠ ಮರೆತವರ ನಡಿಗೆ ಅದಲ್ಲ. ಅವಳು ಸಹೋದ್ಯೋಗಿ ಫರ್ಹಾನಾಳ ಕಡೆ ತಿರುಗಿದಳು. "ಲಿವರಿನ ರಿಪೋರ್ಟ್ ಇನ್ನೊಮ್ಮೆ ಓದು."

"ಎಲ್ಲಾ ಛಲೋ ಐತ್ರಿ ಮೇಡಂ. ನಿನ್ನೆಗಿಂತ ಛಲೋ ಐತಿ."

"ಚರ್ಮ ಕೆಟ್ಟೈತಿ, ಹೊಟ್ಟಿ ಕೆಟ್ಟೈತಿ, ರಕ್ತ ಕೆಟ್ಟೈತಿ," ಎಂದು ಮಹಾನಂದಾ ಬೆರಳು ಮಡಚಿದಳು. "ಮನಿ ಎಲ್ಲಾ ಉರ್ಯಾಕತ್ತೇತಿ. ಸೊಸಿ ಕೋಲಿ ಒಂದ ತಣ್ಣಗೈತಿ..."

ಹೇಳುತ್ತ ಹೇಳುತ್ತ ಅವಳ ನಾಲಿಗೆ ನಿಂತಿತು. ಮನೆಯವರು ಸೊಸೆಯ ಮೇಲೆ ಬಿದ್ದಿದ್ದರೆ ಮೊದಲು ಮುರಿಯಬೇಕಾದದ್ದು ಸೊಸೆಯ ಕೋಣೆಯೇ ಅಲ್ಲವೇ? ಆ ಕೋಣೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒಡೆಯುತ್ತಿರುವವರು ಯಾರು?

ಪಲ್ಲಕ್ಕಿಯ ಹಿಂದೆ ಬಂದ ಆಳುಗಳು ಕಣ್ಣ ಮುಂದೆ ಸುಳಿದರು. ಅವರ ಸೊಂಟದಲ್ಲಿ ಕತ್ತಿ. ರಾಣಿ ಹೆಸರು ಹೇಳಿ ಒಳಗೆ ಹೋದಳು. ಆ ಆಳುಗಳಿಗೆ ಈ ಮನೆಯವರ ಹೆಸರು ಯಾರು ಹೇಳಿಕೊಟ್ಟರು?

"ಫರ್ಹಾನಾ, ನೀಲಿ ತೋರಸು."

"ನೀಲಿ ಅಂದ್ರ..."

"ದಾನಿ ಕಡೆ ಕಣ. ಲಿವರಿನ ಜೋಡಿ ಬಂದ ಕಾವಲು ಕಣ. ಅವನ್ನ ತೆರಿ ಮ್ಯಾಲ ಬರದಂಗ ನಾವ ಮುಚ್ಚೀವಲ್ಲ, ಅವನ್ನ ತೋರಸು."

ಮುಚ್ಚಿದವರು ಅವರೇ. ಸೊಸೆಯ ಕಡೆಯವರು ಜಗಳಕ್ಕೆ ಬರುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ. ಸೊಸೆ ಅಂದ ಮೇಲೆ ತಲೆ ತಗ್ಗಿಸಿ ಬರುವವಳು, ಒಪ್ಪಬೇಕಾದವರು ಮನೆಯವರು, ಹಾಗಾಗಿ ನೋಡಬೇಕಾದದ್ದು ಮನೆಯವರ ಮುಖ. ಮೂತ್ರಪಿಂಡದ ಜೊತೆ ಬರುವ ಕಣಗಳು ಬೆರಳೆಣಿಕೆಯವು, ತೊಂದರೆ ಕೊಟ್ಟಿರಲಿಲ್ಲ. ಲಿವರ್ ಹಾಗಲ್ಲ, ಅದರೊಳಗೆ ದಂಡೇ ಇರುತ್ತದೆ. ಪುಸ್ತಕದಲ್ಲಿ ಓದಿದ್ದನ್ನು ಒಂದು ಮುದ್ದಿನ ಹೆಸರು ಮರೆಸಿಬಿಟ್ಟಿತ್ತು.

ಫರ್ಹಾನಾ ಚಂಪಾಳ ತೋಳಿನ ಕೆಂಪು ಚರ್ಮದ ಚೂರನ್ನು ಯಂತ್ರಕ್ಕೆ ಕೊಟ್ಟಳು. ತೆರೆಯ ಮೇಲೆ ಮೊದಲು ಒಂದು ನೀಲಿ ಚುಕ್ಕೆ ಮೂಡಿತು. ಆಮೇಲೆ ಹೊಲಕ್ಕೆ ಮಿಡತೆ ಇಳಿದಂತೆ ಎಲ್ಲೆಲ್ಲೂ ನೀಲಿ. ಒಂದೊಂದು ನೀಲಿಯೂ ಚಂಪಾಳ ಒಂದೊಂದು ಕಣವನ್ನು ಕಚ್ಚಿ ಹಿಡಿದಿತ್ತು.

"ಯಾ ಅಲ್ಲಾ," ಅಂದಳು ಫರ್ಹಾನಾ. "ಇವು ಶಿವಗಂಗವ್ವನ್ನವು."

ಮುಧೋಳ ಕುರ್ಚಿ ಎಳೆದು ಕೂತ. "ಹಂಗಾರ ನಾ ಇಂಜೆಕ್ಷನ್ ಕೊಟ್ಟಿದ್ರ?"

"ಆ ಔಷಧ ಮೊದಲ ಹೊಡೆಯೂದು ಚಂಪಾನ ಎಳೇ ಕಣಗಳನ್ನ. ಮನಿ ಮಂದಿ ಕೈ ಕಟ್ಟಿ, ಬಂದವರ ಕೈಯಾಗ ಕೀಲಿ ಕೊಟ್ಟಂಗ ಆಗತಿತ್ತು," ಅಂದಳು ಮಹಾನಂದಾ.

ದಾರಿಯೊಂದಿತ್ತು, ಆದರೆ ಯಾರೂ ತುಳಿದದ್ದಲ್ಲ. ಶಿವಗಂಗವ್ವನ ರಕ್ತದಲ್ಲಿ ಸಮಾಧಾನ ಹೇಳುವ ಕಣಗಳೂ ಇರುತ್ತವೆ, ತಮ್ಮವರು ರೇಗಿದಾಗ ತಡೆಯುವ ಹಿರಿಯರಂಥವು. ಅವನ್ನು ಹೊಸದಾಗಿ ತೆಗೆದು, ಚಂಪಾಳ ಕಣಗಳಿಂದ ಕಟ್ಟಿದ ಇನ್ನೊಂದು ಹೊಸ್ತಿಲಿನಲ್ಲಿ ಹಾಯಿಸಿ, ಚಂಪಾ ಯಾರೆಂದು ಕಲಿಸಿ, ಅವಳ ಮೈಗೆ ಬಿಡಬೇಕು. ಅವು ಹೋಗಿ ಉಳಿದ ನೀಲಿಗಳ ಕೈ ಹಿಡಿಯಬೇಕು. ಕಲಿಯದೆ ಹೋದರೆ ಉರಿಯುವ ಮನೆಗೆ ಇನ್ನಷ್ಟು ಜನರನ್ನು ನುಗ್ಗಿಸಿದಂತೆ.

ಚಂಪಾಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ತುಟಿ ಒಡೆದು ರಕ್ತ ಬಂದಿದ್ದರೂ ಕಣ್ಣು ಚುರುಕಾಗಿತ್ತು.

"ಒಂದ ಕೇಳ್ತೀನಿ ಬಾಯಾರ," ಅಂದಳು. "ಇದು ನಿಮ್ಮ ಮಾತ ಉಳಸ್ಕೊಳ್ಳಾಕೋ, ನನ್ನ ಉಳಸಾಕೋ?"

ಮಹಾನಂದಾ ಬಾಗಿಲಿನ ಕಡೆ ನೋಡಿದಳು, ಮುಧೋಳನ ಕಡೆ ನೋಡಿದಳು. ಆಮೇಲೆ, "ಖರೇ ಹೇಳಬೇಕಂದ್ರ ಎರಡೂ ಐತಿ," ಅಂದಳು.

"ಹಂಗಾರ ಮಾಡ್ರಿ. 'ಬರೇ ನಿನ್ನ ಸಲುವಾಗಿ' ಅಂತ ನೀವು ಅಂದಿದ್ರ ನಾ ನಂಬತಿದ್ದಿಲ್ಲ."

ಕೇಂದ್ರದ ಕಾರು ಹಳೇ ಹುಬ್ಬಳ್ಳಿಯ ಓಣಿ ಹೊಕ್ಕಾಗ ಮಧ್ಯಾಹ್ನದ ಬಿಸಿಲು. ರೊಟ್ಟಿ ಕೇಂದ್ರದಿಂದ ಪಟಪಟ ಸದ್ದು ಕೇಳುತ್ತಿತ್ತು. ಮಲ್ಲೇಶಿ ಆಸ್ಪತ್ರೆಯಲ್ಲೇ ಉಳಿದಿದ್ದರಿಂದ, ಅವನ ಅಕ್ಕ ನೀಲವ್ವ ತವರಿಗೆ ಬಂದು ಹಿಟ್ಟು ನಾದುತ್ತಿದ್ದಳು. ಶಿವಗಂಗವ್ವ ಇನ್ನೂ ಹೊಟ್ಟೆಗೆ ಪಟ್ಟಿ ಸುತ್ತಿಕೊಂಡೇ ಬಾಗಿಲಲ್ಲಿ ಕೂತು, "ಅಂಚು ಹರದೈತಿ ನೋಡ, ಇದನ್ನ ಯಾರ ತಗೋತಾರ?" ಎಂದು ಮಗಳನ್ನು ಗದರಿಸುತ್ತಿದ್ದಳು. ಪಾರಿ ಅವಳ ತೊಡೆಯ ಮೇಲೆ ಹಿಟ್ಟಿನುಂಡೆ ಚಪ್ಪಟೆ ಮಾಡುತ್ತಿದ್ದಳು.

ಮಹಾನಂದಾಳ ಮುಖ ನೋಡಿದ್ದೇ ಶಿವಗಂಗವ್ವ ಗದರುವುದನ್ನು ಬಿಟ್ಟಳು. "ಹೇಳ್ರಿ. ನನ್ನ ತುಣುಕು ಕೆಟ್ಟಿತೇನು?"

"ನಿಮ್ಮ ತುಣುಕು ಗಟ್ಟಿಮುಟ್ಟ ಐತ್ರಿ. ಅದರ ಜೋಡಿ ಹೋದ ನಿಮ್ಮ ಮಂದಿ ಚಂಪಾನ್ನ ತಿನ್ನಾಕತ್ತಾರ."

ಶಿವಗಂಗವ್ವ ತನ್ನದೇ ಹೊಟ್ಟೆಯ ಕಡೆ ನೋಡಿ, "ನಾಚಿಗ್ಗೇಡಿಗಳ," ಎಂದು ಹಲ್ಲು ಕಚ್ಚಿದಳು. "ಕೊಟ್ಟ ಮನ್ಯಾಗ ಹಿಂಗ ಮಾಡತಾರೇನು? ನನ್ನ ಕರಕೊಂಡ ಹೋಗ್ರಿ, ನಾ ಬೈತೀನಿ ಅವಕ್ಕ."

"ಬೈದ್ರ ಕೇಳೂದಿಲ್ಲವ್ವ. ಅವಕ್ಕ ಚಂಪಾನ ಗುರುತ ಇಲ್ಲ. ಆಕಿಗೆ ನಿಮ್ಮ ಹೆಸರ ಕಲಿಸಿದಿವಿ. ನಿಮ್ಮವಕ್ಕ ಆಕಿ ಹೆಸರ ಯಾರೂ ಹೇಳಿಲ್ಲ. ತಪ್ಪು ನಮ್ಮದು."

"ಅತ್ತಿ ಅಂತ ಮೊದಲ ಹೇಳಿದ್ನಿಲ್ಲ ನಾನು?" ಮುದುಕಿ ತೋಳು ಚಾಚಿದಳು. ಬೈಯುತ್ತಿದ್ದರೂ ಕಣ್ಣಿಂದ ನೀರು ಇಳಿಯುತ್ತಿತ್ತು. "ಎಷ್ಟ ಬೇಕೋ ಅಷ್ಟ ರಕ್ತ ತಗೀರಿ. ಎಲ್ಲಾ ತಗದ್ರೂ ನಡೀತೈತಿ. ಲಗೂನ ತಗೀರಿ."

ಪಾರಿ ಹಿಟ್ಟು ಮೆತ್ತಿದ ಬಾಯಿ ಒರೆಸಿಕೊಳ್ಳದೆ ಕೇಳಿದಳು, "ಅವ್ವ ಗಾಜಿನ್ಯಾಗ ಇರತಾಳೇನ?" ನೀಲವ್ವ ಅವಳನ್ನು ಎತ್ತಿಕೊಂಡು ಒಳಗೆ ಹೋದಳು.

ಪ್ರಯೋಗಾಲಯದಲ್ಲಿ ಎರಡನೆಯ ಅಕ್ಕಿಕಾಳು ಬೆಚ್ಚನೆಯ ದ್ರವದಲ್ಲಿ ತೇಲುತ್ತಿತ್ತು. ಅಕಸ್ಮಾತ್ ಬೇಕಾದೀತೆಂದು ಬೆಳೆಸಿಟ್ಟ ಖಾಲಿ ಹೊಸ್ತಿಲದು. ಅದರೊಳಗೆ ಚಂಪಾಳ ಕಣಗಳನ್ನು ಕೂರಿಸಿ, ಶಿವಗಂಗವ್ವನ ಸಮಾಧಾನದ ಕಣಗಳನ್ನು ಹನಿಹನಿಯಾಗಿ ಬಿಟ್ಟರು.

"ಇದಕ್ಕೇನ ಹೆಸರ ಇಡೂಣ್ರಿ ಮೇಡಂ? ಹಿತ್ತಲ ಬಾಗಲಾ?" ಎಂದು ಫರ್ಹಾನಾ ನಗಿಸಲು ನೋಡಿದಳು.

"ಹೆಸರ ಸಾಕು, ಫರ್ಹಾನಾ. ಹೆಸರಿಟ್ಟ ಕೆಟ್ಟೀವಿ."

ಅತ್ತ ಚಂಪಾಳ ಜ್ವರ ಏರುತ್ತಿತ್ತು. ಇತ್ತ ಕಣಗಳು ತಮ್ಮ ಪಾಡಿಗೆ ಕಲಿಯುತ್ತಿದ್ದವು. ಅವಸರ ಮಾಡಿದರೆ ಕಲಿಯುವ ಜಾತಿಯಲ್ಲ ಅವು. ಗುರುತು ಹಿಡಿಯದವು ಅಲ್ಲೇ ಉದುರಿದವು. ತುಂಬಾ ಉದುರಿದವು. ಎಲ್ಲವೂ ಉದುರಿಬಿಟ್ಟರೆ? ನನ್ನ ಮಾತಿಗಾಗಿ ಒಂದು ಜೀವ ಒತ್ತೆ ಇಟ್ಟೆನೇ ಎಂಬ ಯೋಚನೆ ಮಹಾನಂದಾಳನ್ನು ಆ ರಾತ್ರಿಯಿಡೀ ಕುರ್ಚಿಯಲ್ಲಿ ಕೂರಗೊಡಲಿಲ್ಲ.

ಬೆಳಕು ಹರಿದ ಮೇಲೆ ಉಳಿದ ಕಣಗಳನ್ನು ಒಂದು ಪುಟ್ಟ ಚೀಲಕ್ಕೆ ತುಂಬಿ ಚಂಪಾಳ ನರಕ್ಕೆ ಹಚ್ಚಿದರು. ಹನಿ ಇಳಿಯತೊಡಗಿತು. ಸ್ವಲ್ಪ ಹೊತ್ತಿಗೇ ಚಂಪಾ ಮೈಯೆಲ್ಲ ಅದುರಿಸಿಕೊಂಡು ನಡುಗಿದಳು. ಜ್ವರದ ಗೆರೆ ತೆರೆಯ ಮೇಲೆ ನೆಟ್ಟಗೆ ಮೇಲೆದ್ದಿತು. ಗಾಜಿನಾಚೆ ಮಲ್ಲೇಶಿ ಗೋಡೆ ಹಿಡಿದು ಕೂತುಬಿಟ್ಟ.

ಮುಧೋಳ ಸಿರಿಂಜಿಗೆ ಔಷಧ ಎಳೆದುಕೊಂಡು ಮಂಚದ ಪಕ್ಕ ನಿಂತ. "ಮೇಡಂ, ನಾ ಇನ್ನ ಕಾಯಲಾರೆ. ಮನಿ ಮಂದಿ ಕೈ ಕಟ್ಟಿದ್ರ ಕಟ್ಟಲಿ. ಈ ಬೆಂಕಿ ಆರಿಸಬೇಕ."

"ಒಂದ ಚೂರು ಚರ್ಮ. ಒಂದ ಸಲ ನೋಡೂಣು. ಆಮ್ಯಾಲ ನೀವ ಹೇಳಿದಂಗ."

ಫರ್ಹಾನಾ ಚೂರನ್ನು ಹಿಡಿದು ಓಡಿದಳು. ಮುಧೋಳನ ಹೆಬ್ಬೆರಳು ಸಿರಿಂಜಿನ ತಲೆಯ ಮೇಲೆ. ಮಹಾನಂದಾ ಚಂಪಾಳ ಅಂಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡಳು. ಕಾದ ತವೆ ಮುಟ್ಟಿದಂತಿತ್ತು.

ಮಂಚದೆದುರಿನ ಗೋಡೆಯ ತೆರೆ ಬೆಳಗಿತು. ನೀಲಿ ಇನ್ನೂ ಇತ್ತು. ಎಲ್ಲೆಲ್ಲೂ ಇತ್ತು. ಮುಧೋಳ ನಿಟ್ಟುಸಿರಿಟ್ಟು ಸೂಜಿಯನ್ನು ಕೊಳವೆಯ ಹತ್ತಿರ ತಂದ.

"ತಡೀರಿ!" ಫರ್ಹಾನಾಳ ದನಿ ಸ್ಪೀಕರಿನಲ್ಲಿ ಒಡೆಯಿತು. "ಛಂದಾಗಿ ನೋಡ್ರಿ ಸರ್. ಕಚ್ಚಿಲ್ಲ ಅವು!"

ನೀಲಿ ಚುಕ್ಕೆಗಳು ಹಸಿರು ಚುಕ್ಕೆಗಳ ಪಕ್ಕದಲ್ಲಿ ನಿಂತಿದ್ದವು. ನಿಂತಿದ್ದವು, ಅಷ್ಟೇ. ನೀರಿನ ಪಾಳಿಗೆ ಕೊಡ ಇಟ್ಟು ಕಾಯುವ ಹೆಂಗಸರ ಹಾಗೆ, ಮೈಗೆ ಮೈ ತಾಗಿಸಿಕೊಂಡು.

ಮುಧೋಳ ಸಿರಿಂಜನ್ನು ತಟ್ಟೆಯಲ್ಲಿಟ್ಟ. ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿಮುಖವಾಯಿತು. ಸಂಜೆ ಚಂಪಾ ಕಣ್ಣು ಬಿಟ್ಟು, "ಹಸಿವ್ಯಾಗೇತಿ" ಅಂದಳು. ಅಂಗೈಯ ಕೆಂಪು ಹೋಗಲು ಇನ್ನೂ ಬಹಳ ದಿನ ಹಿಡಿಯಿತು. ಆದರೆ ಅದು ಮತ್ತೆ ಏರಲಿಲ್ಲ.

ಕಾದು, ಪರೀಕ್ಷಿಸಿ, ಮತ್ತೆ ಕಾದು, ಕೊನೆಗೆ ಗುಳಿಗೆಯ ಡಬ್ಬಿಯಿಲ್ಲದೆ, ಮೂಗಿಗೆ ಬಟ್ಟೆಯಿಲ್ಲದೆ ಚಂಪಾಳನ್ನು ಮನೆಗೆ ಕಳಿಸಿದರು. ಮಾತು ಕೊಟ್ಟವಳು ತಾನೆಂದು ಮಹಾನಂದಾ ಜೊತೆಗೆ ಬಂದಳು. ಓಣಿಯ ತುದಿಯಲ್ಲಿ ಕಾರಿಳಿದರೆ ಮನೆಯ ಬಾಗಿಲಿಗೆ ಅಡ್ಡಲಾಗಿ ನೀಲವ್ವ ಹಿಟ್ಟಿನ ಕೈ ಚಾಚಿ ನಿಂತಿದ್ದಳು.

"ಹೆಸರ ಹೇಳು, ಒಳಗ ಬಾ."

"ಅಯ್ಯ, ನೀಲಕ್ಕಾ! ಮದಿವ್ಯಾಗಿ ಎಷ್ಟ ವರ್ಷಾತು, ಈಗೆಂಥಾ ಹೆಸರ?"

"ಆವಾಗ ಬಂದಾಕಿ ಒಬ್ಬಾಕಿ. ಈಗ ಹೊಟ್ಟ್ಯಾಗ ಇನ್ನೊಬ್ಬಾಕಿನ್ನ ಕರಕೊಂಡ ಬಂದೀದಿ. ಹೇಳಬೇಕ."

ಚೀಲ ಹೊತ್ತ ಮಲ್ಲೇಶಿ ಎದೆ ಸೆಟೆಸಿ ಮುಂದೆ ಬಂದ, ತನ್ನ ಹೆಸರಿಗಾಗಿ. ಚಂಪಾ ಅವನನ್ನು ದಾಟಿ ಒಳಗೆ ನೋಡಿದಳು. ಹೊಸ್ತಿಲಿನಾಚೆ ಶಿವಗಂಗವ್ವ ಗೋಡೆಗೆ ಒರಗಿ ನಿಂತಿದ್ದಳು.

"ಬಿಸಿ ಬಿಸಿ ರೊಟ್ಟಿಗೆ ಬೆಣ್ಣಿಯ ಬಟ್ಟಲಾ," ಎಂದಳು ಚಂಪಾ, ದನಿ ತಡವರಿಸಿತು. "ಶಿವಗಂಗವ್ವನ ತುಣುಕಿಗೆ ನನ್ನ ಮೈಯೇ ತೊಟ್ಟಲಾ."

"ಅಲ್ಲಾ, ನನ್ನ ಹೆಸರ ಎಲ್ಲಿ ಹೋತು?" ಅಂದ ಮಲ್ಲೇಶಿ. ಓಣಿ ನಕ್ಕಿತು. ನೀಲವ್ವ ಕೈ ಇಳಿಸಿದಳು. ಚಂಪಾ ಕಾಲೆತ್ತಿದಳು.

"ತಡಿ," ಅಂದಳು ಮಹಾನಂದಾ.

ನಗು ನಿಂತಿತು. ಅಜ್ಜಿಯ ಕಥೆಯ ಈ ಜಾಗದಲ್ಲಿ, ಬಾಗಿಲು ತೆರೆದ ಮೇಲೆ, ಅವಳು ಎಂದೂ ಎಚ್ಚರವಾಗಿ ಇದ್ದವಳಲ್ಲ. "ಇನ್ನೊಬ್ಬರದು ಬಾಕಿ ಐತಿ. ಶಿವಗಂಗವ್ವ, ನೀವೂ ಆಕಿ ಮನಿ ಹೊಕ್ಕೀರಿ. ನೀವೂ ಹೇಳಬೇಕ."

"ಸೊಸಿ ಹೆಸರಿಗೆ ಅತ್ತಿ ಒಡಪು ಹೇಳೂದ? ಎಲ್ಲಿ ಕೇಳಿದ್ರಿ ಬಾಯಾರ ಇಂಥಾದು!" ಶಿವಗಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆ ವಯಸ್ಸಿನಲ್ಲಿ ಅವಳ ಕೆನ್ನೆ ಹೊಸ ಮದುವಣಗಿತ್ತಿಯಂತೆ ಕೆಂಪೇರಿತು. ಯಾರೂ ನಗಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಅವಳು ಸೆರಗು ಇಳಿಸಿ, ಚಂಪಾಳ ಹೊಟ್ಟೆಯ ಕಡೆ ನೋಡುತ್ತ, ಅಲ್ಲಿದ್ದವರಿಗೂ ಕೇಳಲಿ ಎಂಬಂತೆ ಗಟ್ಟಿಯಾಗಿ ಹೇಳಿದಳು.

"ಇಳಕಲ್ ಸೀರಿಗೆ ಕೆಂಪಾನ ಸೆರಗ, ಚಂಪಾನ ಹೆಸರ ಹೇಳಿ ಬಂದೀನಿ ಒಳಗ."

ಪಾರಿ ಓಡಿ ಬಂದು, ಹಿಟ್ಟಿನ ಬಾಯಿಂದ ಅವ್ವನ ಕೆನ್ನೆಗೆ ಮುತ್ತು ಕೊಟ್ಟಳು. ನಡುವೆ ಗಾಜಿರಲಿಲ್ಲ. ಚಂಪಾ ಮಗಳನ್ನು ಎತ್ತಿ ಸೊಂಟಕ್ಕೇರಿಸಿಕೊಂಡು, ಬಲಗಾಲಿಟ್ಟು ಹೊಸ್ತಿಲು ದಾಟಿದಳು.